ನಾಳೆ ಲೋಡ್ ಬರುತ್ತಾ? ಕೌಂಟರಿನಿಂದ ಒಂದು ಬಹಿರಂಗ ಪತ್ರ

ಕಷ್ಟಕಾಲದಲ್ಲಿ ಮೈಕಿನ ಮುಂದೆ ನಿಂತು ಜನರಿಗೆ ಸೂಚನೆ ಕೊಡುವ ಎಲ್ಲ ಮಂತ್ರಿಗಳಿಗೆ, ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ದಿನಸಿ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. ಹೆಸರು, ಊರು ಇಲ್ಲಿ ಮುಖ್ಯವಲ್ಲ. ನಾನು ಹೇಳಹೊರಟಿದ್ದನ್ನು ಯಾವ ದೇಶದ ಯಾವ ಕೌಂಟರಿನಲ್ಲಿ ಕೂತವರೂ ಹೇಳಬಲ್ಲರು.

ಕೊರೊನಾ ಹಬ್ಬುತ್ತಿದ್ದ 2020ರ ಮಾರ್ಚ್ ತಿಂಗಳ ಒಂದು ಸಂಜೆ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ಒಬ್ಬರು ಎಳೆಮಕ್ಕಳ ಹಾಲಿನ ಪುಡಿಯ ಆರು ಡಬ್ಬ ತಂದು ನನ್ನ ಮುಂದಿಟ್ಟರು. ಯಾವಾಗಲೂ ಅವರು ಒಯ್ಯುತ್ತಿದ್ದದ್ದು ಒಂದೇ ಡಬ್ಬ. ಅವರ ಹಿಂದೆ ನಿಂತಿದ್ದ ಹೆಂಗಸಿನ ಹೆಗಲ ಮೇಲೆ ಮಗು ಮಲಗಿತ್ತು. ಬುಟ್ಟಿಯಲ್ಲಿ ಸೋಪು, ಬಿಸ್ಕತ್ತು ಇತ್ತು, ಹಾಲಿನ ಪುಡಿ ಇರಲಿಲ್ಲ. ಆಕೆ ಆ ಆರು ಡಬ್ಬಗಳನ್ನೇ ನೋಡುತ್ತಾ, "ಒಳಗೆ ಇನ್ನೂ ಇದೆಯಾ?" ಎಂದು ನನ್ನನ್ನು ಕೇಳಿದರು. ಇಲ್ಲ ಅಂದೆ. ಆ ಮನುಷ್ಯ ತಿರುಗಿ ನೋಡಿದರು. ಏನೂ ಮಾತಾಡದೆ ಎರಡು ಡಬ್ಬ ಎತ್ತಿ ಆಕೆಯ ಬುಟ್ಟಿಗೆ ಹಾಕಿದರು. ಬಿಲ್ ಕಟ್ಟಿ ಬಾಗಿಲವರೆಗೂ ಹೋದವರು ಮತ್ತೆ ವಾಪಸ್ ಬಂದು ಕೇಳಿದರು: "ಮೇಡಂ, ನಾಳೆ ಲೋಡ್ ಬರುತ್ತೆ ಅಲ್ವಾ?"

ನನಗೆ ಗೊತ್ತಿರಲಿಲ್ಲ. ನಮ್ಮ ಓನರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಗಾಡಿ ಬಂದು ನಿಂತಿತು. ಅದರಲ್ಲಿ ಅದೇ ಪುಡಿಯ 40 ಡಬ್ಬ ಇದ್ದವು.

ಆ ವಾರ ಟಿವಿಯಲ್ಲಿ, ಫೋನಿನಲ್ಲಿ ನಾನು ಕೇಳಿದ ಮಾತು ಒಂದೇ. ಜನರಿಗೆ ದುರಾಸೆ, ಜನರಿಗೆ ಬುದ್ಧಿ ಇಲ್ಲ. ಮೂಟೆಗಟ್ಟಲೆ ಹೊತ್ತುಕೊಂಡು ಹೋಗುವವರ ಫೋಟೊ ಹಾಕಿ ಬೈದರು. ನಿಮ್ಮಲ್ಲೂ ಕೆಲವರು ಬೈದಿರಿ. ಎರಡು ಡಬ್ಬ ಬಿಟ್ಟುಕೊಟ್ಟ ಆ ಮನುಷ್ಯನನ್ನು ನೆನೆದಾಗಲೆಲ್ಲ ಆ ಬೈಗುಳ ನನಗೆ ನೋವು ಕೊಡುತ್ತದೆ. ಆ ಸಂಜೆ ಅವರು ತುಂಬಾ ಹೆದರಿದ್ದರು. ಅವರ ಹೆದರಿಕೆ ಹೋಗಲಾಡಿಸುವಂಥ ಒಂದು ಸುದ್ದಿಯೂ ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಕೌಂಟರಿನ ಲೆಕ್ಕ ಹೇಳುತ್ತೇನೆ. ಒಂದು ಅಂಗಡಿಗೆ ನೂರು ಮನೆಯವರು ಬರುತ್ತಾರೆ ಅಂದುಕೊಳ್ಳಿ. ಒಂದು ಮನೆಗೆ ಹಿಟ್ಟಿನ ಒಂದು ಪೊಟ್ಟಣ ಎರಡು ವಾರಕ್ಕೆ ಸಾಕು. ಹಾಗಾದರೆ ವಾರಕ್ಕೆ 50 ಪೊಟ್ಟಣ ಹೋಗುತ್ತದೆ. ಅಂಗಡಿಯವರು 60 ತರಿಸುತ್ತಾರೆ. ಒಂದು ದಿನ ಏನೋ ಸುದ್ದಿ ಹಬ್ಬುತ್ತದೆ. ನೂರು ಮನೆಯವರೂ ಅದೇ ದಿನ ಬರುತ್ತಾರೆ, "ಇರಲಿ, ಕೆಡುವ ವಸ್ತು ಅಲ್ವಲ್ಲ" ಎಂದು ಎರಡೆರಡು ಕೇಳುತ್ತಾರೆ. 200 ಪೊಟ್ಟಣ ಬೇಕು, ಇರುವುದು 60. ಮೊದಲು ಬಂದ 30 ಮನೆಯವರಿಗೆ ಸಿಕ್ಕಿತು. 70 ಮನೆಯವರು ಬರಿಗೈಯಲ್ಲಿ ಹೋದರು. ಇದರಲ್ಲಿ ಒಬ್ಬರಾದರೂ ಲೂಟಿ ಮಾಡಿದರಾ? ಎರಡು ಪೊಟ್ಟಣ ಒಯ್ದವರನ್ನು ದುರಾಸೆಯವರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಹನಿಹನಿ ಕೂಡಿದರೆ ಹಳ್ಳ ಅಂತಾರಲ್ಲ, ಖಾಲಿ ರ‍್ಯಾಕ್ ಆಗುವುದೂ ಹಾಗೇ.

ಇದು ಬರೀ ನನ್ನ ಅಂದಾಜಲ್ಲ. 2020ರ ಮೊದಲ ಅಲೆಯ ಹೊತ್ತಿನಲ್ಲಿ ಬ್ರಿಟನ್ನಿನ ಮನೆಗಳ ಖರೀದಿ ಲೆಕ್ಕವನ್ನು ಅಲ್ಲಿನ ಅರ್ಥಶಾಸ್ತ್ರಜ್ಞರು ಕೂಲಂಕಷವಾಗಿ ನೋಡಿದ್ದಾರೆ. ಬೇಡಿಕೆ ದಿಢೀರನೆ ಏರಿದ್ದು ಬೆರಳೆಣಿಕೆಯ ಮಂದಿ ಗುಡ್ಡೆ ಹಾಕಿಕೊಂಡಿದ್ದರಿಂದ ಅಲ್ಲ. ಆ ವಸ್ತುವನ್ನು ಆ ವಾರ ಕೊಳ್ಳಲು ಬಂದ ಮನೆಗಳ ಸಂಖ್ಯೆಯೇ ಜಾಸ್ತಿಯಾಗಿತ್ತು. ಒಬ್ಬೊಬ್ಬರು ಒಯ್ದದ್ದು ಮಾಮೂಲಿಗಿಂತ ತುಸು ಹೆಚ್ಚು, ಅಷ್ಟೇ. ಹೀಗಿರುವಾಗ ನಾಲ್ಕು ಜನ ದಾಸ್ತಾನುಕೋರರನ್ನು ಹಿಡಿದು ಟಿವಿಯಲ್ಲಿ ತೋರಿಸಿದರೆ ಏನಾಗುತ್ತದೆ? ಹಿಡಿಯಬೇಕಾದವರನ್ನು ಹಿಡಿಯಿರಿ. ಗೋಡೌನಿನಲ್ಲಿ ಮಾಲು ಮುಚ್ಚಿಟ್ಟು ರೇಟ್ ಏರಿಸಲು ಕಾಯುವ ವ್ಯಾಪಾರಿಯನ್ನು ಬಿಡಬೇಡಿ. ಆದರೆ ಅವನನ್ನೂ, ಎರಡನೇ ಪೊಟ್ಟಣಕ್ಕೆ ಕೈಚಾಚಿದ ತಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಆ ತಾಯಿಯ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ದಿನವೂ ಎದುರಿಗೆ ನೋಡುತ್ತೇನೆ. ಜಾಸ್ತಿ ಕೊಂಡು, ಆಮೇಲೆ ಬೇಕಾಗದೇ ಹೋದರೆ ಸ್ವಲ್ಪ ದುಡ್ಡು, ಸ್ವಲ್ಪ ಜಾಗ ಹೋಯಿತು. ಕೊಳ್ಳದೆ ಬಿಟ್ಟು, ನಾಳೆ ಸಿಗದೇ ಹೋದರೆ ಮಗು ಹಸಿದುಕೊಂಡಿರುತ್ತದೆ. ಎರಡರಲ್ಲಿ ಯಾವ ತಪ್ಪು ಮಾಡುತ್ತೀರಿ ಎಂದು ಕೇಳಿದರೆ ಯಾರಾದರೂ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ನಾನೂ ಅಷ್ಟೇ. ಆ ವಾರ ನಾನು ಕೂಡ ಕೆಲಸ ಮುಗಿಸಿ ಹೊರಡುವಾಗ ಮನೆಗೆ ಒಂದು ಪೊಟ್ಟಣ ಹೆಚ್ಚಿಗೆ ತೆಗೆದಿಟ್ಟುಕೊಂಡಿದ್ದೆ. ಅಂಗಡಿಯಲ್ಲೇ ಇರುವ ನನಗೇ ತಡೆಯಲಾಗಲಿಲ್ಲ.

ಇನ್ನೊಬ್ಬರ ಕೈ ನೋಡಿ ನಮ್ಮ ಕೈ ಚಾಚುವುದೂ ಉಂಟು. 1975ರಲ್ಲಿ ಮನೋವಿಜ್ಞಾನಿ ಸ್ಟೀಫನ್ ವರ್ಷೆಲ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಹತ್ತು ಬಿಸ್ಕತ್ತು ಇರುವ ಜಾಡಿಯಿಂದ ಒಂದು ಕೊಟ್ಟರು, ಕೆಲವರಿಗೆ ಎರಡೇ ಇರುವ ಜಾಡಿಯಿಂದ. ಬಿಸ್ಕತ್ತು ಒಂದೇ. ಆದರೂ ಎರಡು ಇದ್ದ ಜಾಡಿಯದ್ದೇ ಜನರಿಗೆ ಹೆಚ್ಚು ಬೇಕು ಅನ್ನಿಸಿತು. ಕಣ್ಣ ಮುಂದೆಯೇ ಹತ್ತು ಇದ್ದದ್ದು ಎರಡಾದಾಗ ಇನ್ನೂ ಜಾಸ್ತಿ ಬೇಕು ಅನ್ನಿಸಿತು. ಅದರಲ್ಲೂ ಬೇರೆಯವರು ತೆಗೆದುಕೊಂಡಿದ್ದರಿಂದ ಕಡಿಮೆಯಾಯಿತು ಎಂದು ಗೊತ್ತಾದಾಗ ಎಲ್ಲಕ್ಕಿಂತ ಜಾಸ್ತಿ. ಮೊನ್ನೆ ತುಂಬಿದ್ದ ರ‍್ಯಾಕಿನಲ್ಲಿ ಇವತ್ತು ಎರಡೇ ಪೊಟ್ಟಣ ಉಳಿದಿದೆ, ಪಕ್ಕದಲ್ಲಿ ನಿಂತವರು ಅದನ್ನೇ ನೋಡುತ್ತಿದ್ದಾರೆ. ಜಾಡಿಯ ಕಥೆಯೇ ಅಲ್ವಾ ಇದು?

ಇನ್ನು ಕೆಲವರ ಹೆದರಿಕೆ ತುಂಬಾ ಹಳೆಯದು. ಹಸಿವು ಕಂಡವರ ಕೈ ಬೇರೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು, ಅವರದೇ ಒಪ್ಪಿಗೆಯಿಂದ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಒಳ್ಳೆಯ ಮನಸ್ಸಿನ, ಗಟ್ಟಿಮುಟ್ಟಾದ ಹುಡುಗರು. ದಿನ ಕಳೆದಂತೆ ಅವರಲ್ಲಿ ಕೆಲವರು ಅಡುಗೆ ಪುಸ್ತಕ, ಪಾತ್ರೆಪಗಡ ಅಂತ ಕೂಡಿಡಲು ಶುರು ಮಾಡಿದರು. ತಿನ್ನಲು ಬಾರದ ವಸ್ತುಗಳು! ಹೊಟ್ಟೆ ಬರಿದಾದಾಗ ಕೈ ಏನನ್ನಾದರೂ ಹಿಡಿದಿಟ್ಟುಕೊಳ್ಳಲು ನೋಡುತ್ತದೆ. ಅಂಗಡಿಗೆ ಬರುವ ವಯಸ್ಸಾದವರಲ್ಲಿ ಯುದ್ಧ, ಬರ, ವಲಸೆ ಕಂಡವರು ಇರುತ್ತಾರೆ. ಅವರು ಒಂದು ಮೂಟೆ ಜಾಸ್ತಿ ಕೇಳಿದರೆ ದಯವಿಟ್ಟು ನಗಬೇಡಿ, ಬೈಯಬೇಡಿ.

ಮಾನ್ಯರೇ, ಈಗ ನಿಮ್ಮ ಮಾತಿಗೆ ಬರುತ್ತೇನೆ. "ಗಾಬರಿಯಾಗಬೇಡಿ, ಸಾಕಷ್ಟು ದಾಸ್ತಾನು ಇದೆ." ಪ್ರತಿ ಸಲವೂ ಇದೇ ವಾಕ್ಯ. ಇದನ್ನು ಕೇಳಿದ ಅರ್ಧ ಗಂಟೆಯಲ್ಲಿ ನಮ್ಮಲ್ಲಿ ಸಾಲು ಉದ್ದವಾಗುತ್ತದೆ. ಯಾಕೆ ಗೊತ್ತಾ? ಗಾಬರಿಯಾಗುವಂಥದ್ದು ಏನೂ ಇಲ್ಲದಿದ್ದರೆ ದೊಡ್ಡವರು ಯಾಕೆ ಟಿವಿಯಲ್ಲಿ ಬಂದು ಹೇಳುತ್ತಾರೆ ಎಂದು ಜನ ಯೋಚಿಸುತ್ತಾರೆ. ಸಾಕಷ್ಟು ಅಂದರೆ ಎಷ್ಟು? ಎಲ್ಲಿದೆ? ಎಷ್ಟು ದಿನಕ್ಕೆ? ಅದು ಯಾವುದೂ ಆ ವಾಕ್ಯದಲ್ಲಿ ಇರುವುದಿಲ್ಲ. ಅದರ ಹಿಂದೆಯೇ ಖಾಲಿ ರ‍್ಯಾಕಿನ ಫೋಟೊ ಬರುತ್ತದೆ. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ.

1973ರಲ್ಲಿ ಜಪಾನಿನಲ್ಲಿ ಆದದ್ದನ್ನು ನೋಡಿ. ಅಕ್ಟೋಬರಿನಲ್ಲಿ ತೈಲದ ಬಿಕ್ಕಟ್ಟು ಶುರುವಾಯಿತು. ಕಾಗದವನ್ನು ಮಿತವಾಗಿ ಬಳಸಿ ಎಂದು ಸರ್ಕಾರ ಜನರನ್ನು ಕೇಳಿಕೊಂಡಿತು. ಒಳ್ಳೆಯ ಉದ್ದೇಶದ ಮಾತೇ. ಜನರ ಕಿವಿಗೆ ಬಿದ್ದದ್ದು ಮಾತ್ರ "ಕಾಗದ ಮುಗಿಯುತ್ತಿದೆ" ಎಂದು. ನವೆಂಬರ್ ಶುರುವಿಗೆ ಒಸಾಕದ ಹೊರವಲಯದ ಸೆನ್ರಿ ಬಡಾವಣೆಯ ಅಂಗಡಿಯೊಂದರ ಮುಂದೆ ನೂರಾರು ಜನ ಟಾಯ್ಲೆಟ್ ಪೇಪರಿಗೆ ಸಾಲುಗಟ್ಟಿದರು, ಇದ್ದದ್ದೆಲ್ಲ ಖಾಲಿಯಾಯಿತು. ಆ ಸಾಲಿನ ಸುದ್ದಿ ಪತ್ರಿಕೆಯಲ್ಲಿ ಬಂತು. ನೋಡುನೋಡುತ್ತಲೇ ದೇಶದ ತುಂಬಾ ಸಾಲು. ಕಾರ್ಖಾನೆಗಳು ಎಂದಿನಂತೆ ನಡೆಯುತ್ತಲೇ ಇದ್ದವು.

ಆಹಾರದ ಉದಾಹರಣೆಯೇ ಬೇಕಾದರೆ ತೀರಾ ಹಿಂದೆ ಹೋಗಬೇಕಿಲ್ಲ. 2021ರ ನವೆಂಬರ್ 1ರಂದು ಚೀನಾದ ವಾಣಿಜ್ಯ ಸಚಿವಾಲಯ ಒಂದು ಸೂಚನೆ ಹೊರಡಿಸಿತು. ಮನೆಯವರು ದಿನಬಳಕೆಯ ವಸ್ತುಗಳನ್ನು ಅಗತ್ಯಕ್ಕೆ ತಕ್ಕಷ್ಟು ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಅದರಲ್ಲಿತ್ತು. ಯಾಕೆ ಎಂದು ಜನರಿಗೆ ಅರ್ಥವಾಗುವ ಹಾಗೆ ಹೇಳಲಿಲ್ಲ. ಯುದ್ಧವೇ ಬರುತ್ತಿದೆ ಎಂದು ಗಾಳಿಸುದ್ದಿ ಹಬ್ಬಿತು, ಅಂಗಡಿಗಳಿಗೆ ಜನ ನುಗ್ಗಿದರು. ಮಾರನೇ ದಿನ ಸರ್ಕಾರಿ ಪತ್ರಿಕೆಯೇ ಹಾಗಲ್ಲ ಹೀಗೆ ಎಂದು ವಿವರಣೆ ಕೊಡಬೇಕಾಯಿತು. ಇದೇ ದೇಶದಲ್ಲಿ 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡವಾದಾಗ ಉಪ್ಪು ಖಾಲಿಯಾಗಿತ್ತು. ಅಯೋಡಿನ್ ಇರುವ ಉಪ್ಪು ತಿಂದರೆ ವಿಕಿರಣ ತಟ್ಟುವುದಿಲ್ಲ ಎಂದು ಯಾರೋ ಹೇಳಿದ್ದು, ಸಮುದ್ರ ಕೆಟ್ಟುಹೋಗಿ ಮುಂದೆ ಉಪ್ಪೇ ಸಿಗುವುದಿಲ್ಲ ಎಂದು ಇನ್ಯಾರೋ ಹೇಳಿದ್ದು. ಎರಡೂ ಸುಳ್ಳು. ಸರಿಯಾದ ಮಾತು ಬೇಗ ಬಾರದೇ ಹೋದರೆ ಆ ಜಾಗದಲ್ಲಿ ಇಂಥ ಮಾತು ಬಂದು ಕೂರುತ್ತದೆ.

ಗಾಬರಿ, ಗಾಬರಿ ಎಂದು ಜನರನ್ನೇ ದೂರುವ ಮೊದಲು ಇನ್ನೊಂದು ಗಮನಿಸಿ. ಅಮೆರಿಕದಲ್ಲಿ 1963ರಲ್ಲಿ ಶುರುವಾದ ವಿಪತ್ತು ಸಂಶೋಧನಾ ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾದ ಎನ್ರಿಕೊ ಕ್ವಾರಂಟೆಲ್ಲಿ ಜೀವಮಾನವಿಡೀ ಭೂಕಂಪ, ಪ್ರವಾಹ, ಬೆಂಕಿ ಅನಾಹುತಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಿದವರು. ಅವರು ಮತ್ತೆ ಮತ್ತೆ ಕಂಡದ್ದು, ಬುದ್ಧಿಗೆಟ್ಟು ಓಡುವವರು ತೀರಾ ಅಪರೂಪ, ಪಕ್ಕದವರಿಗೆ ನೆರವಾಗುವವರೇ ಹೆಚ್ಚು. ನಾನು ಕಂಡದ್ದೂ ಅದನ್ನೇ. ಜನ ಕೆಟ್ಟವರು ಎಂದು ನೀವು ಮೊದಲೇ ತೀರ್ಮಾನಿಸಿಬಿಟ್ಟರೆ ಅವರಿಂದ ನಿಜ ಮುಚ್ಚಿಡುತ್ತೀರಿ. ನಿಜ ಮುಚ್ಚಿಟ್ಟರೆ ಅವರು ಹೆದರುತ್ತಾರೆ.

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಕೇಳಲೇಬೇಕು. 2008ರಲ್ಲಿ ಅಕ್ಕಿಯ ವಿಷಯದಲ್ಲಿ ಸರ್ಕಾರಗಳೇ ಏನು ಮಾಡಿದವು? ಆ ವರ್ಷ ಜಗತ್ತಿನಲ್ಲಿ ಅಕ್ಕಿಯ ಬೆಳೆ ಚೆನ್ನಾಗಿಯೇ ಇತ್ತು. ಬೇರೆ ಧಾನ್ಯಗಳ ಬೆಲೆ ಏರುತ್ತಿರುವುದನ್ನು ನೋಡಿ ಭಾರತ, ವಿಯೆಟ್ನಾಂ ಅಕ್ಕಿ ರಫ್ತಿಗೆ ತಡೆ ಹಾಕಿದವು. ಸಿಗದೇ ಹೋದೀತು ಎಂದು ಫಿಲಿಪೀನ್ಸ್ ಸಿಕ್ಕ ಬೆಲೆಗೆ ರಾಶಿ ರಾಶಿ ಕೊಳ್ಳಲು ಹೊರಟಿತು. ಟನ್ನಿಗೆ 400 ಡಾಲರಿನ ಆಸುಪಾಸಿನಲ್ಲಿದ್ದ ಅಕ್ಕಿ ಕೆಲವೇ ತಿಂಗಳಲ್ಲಿ 1000 ಡಾಲರ್ ಮುಟ್ಟಿತು. ನನ್ನ ಕೌಂಟರಿನ ಸಾಲಿಗೂ ಇದಕ್ಕೂ ಏನು ವ್ಯತ್ಯಾಸ? ತಮ್ಮ ಮನೆಯವರು ಹಸಿಯಬಾರದು ಎಂದು ಹೆದರಿದವರೇ ಎಲ್ಲರೂ. ಆ ಪೆಟ್ಟು ತಿಂದ ಮೇಲೆ, 2011ರಲ್ಲಿ, ಜಿ20 ದೇಶಗಳು ಸೇರಿ ಕೃಷಿ ಮಾರುಕಟ್ಟೆ ಮಾಹಿತಿ ವ್ಯವಸ್ಥೆ ಎಂದು ಒಂದನ್ನು ಕಟ್ಟಿದವು. ಅಕ್ಕಿ, ಗೋಧಿ, ಮೆಕ್ಕೆಜೋಳ, ಸೋಯಾ ಎಲ್ಲಿ ಎಷ್ಟಿದೆ ಎಂದು ಎಲ್ಲರಿಗೂ ತಿಳಿಸುವುದು ಅದರ ಕೆಲಸ. ನೋಡಿ, ಸರ್ಕಾರಗಳಿಗೆ ಹೆದರಿಕೆಯಾದಾಗ ಅವು ಕೇಳಿದ್ದು ಅಂಕಿಅಂಶ. ನಮಗೆ ಹೆದರಿಕೆಯಾದಾಗ ಕೊಡುವುದು ಬುದ್ಧಿಮಾತು!

ಹಾಗಾಗಿ ನನ್ನ ಮೊದಲ ಬೇಡಿಕೆ ಅದೇ. ಅಂಕಿ ಕೊಡಿ. ಗೋಡೌನುಗಳಲ್ಲಿ ಎಷ್ಟು ದಿನದ ಮಾಲಿದೆ, ದಾರಿಯಲ್ಲಿ ಎಷ್ಟಿದೆ, ಮುಂದಿನ ಗಾಡಿ ಯಾವಾಗ ಎಂದು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ಕಡೆಯಿಂದ ಹೇಳಿ. ಕಡಿಮೆ ಇದ್ದರೆ ಕಡಿಮೆ ಇದೆ ಎಂದೇ ಹೇಳಿ. ಯಾಕೆ ಕಡಿಮೆ ಎಂದೂ ಹೇಳಿ. 2020ರ ವಸಂತದಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಹಿಟ್ಟು ಸಿಗಲಿಲ್ಲ. ಹಿಟ್ಟಿನ ಗಿರಣಿಗಳು ಹಗಲೂ ರಾತ್ರಿ ನಡೆಯುತ್ತಿದ್ದವು, ಹಿಟ್ಟಿಗೆ ಬರ ಇರಲಿಲ್ಲ. ಅಲ್ಲಿ ಅಂಗಡಿಯ ಮೂಲಕ ಮನೆಗೆ ಹೋಗುವುದು ಒಟ್ಟು ಹಿಟ್ಟಿನ ಸುಮಾರು 4% ಮಾತ್ರ. ಉಳಿದದ್ದೆಲ್ಲ ದೊಡ್ಡ ಚೀಲಗಳಲ್ಲಿ, ಟ್ಯಾಂಕರುಗಳಲ್ಲಿ ಬೇಕರಿಗಳಿಗೆ, ಕಾರ್ಖಾನೆಗಳಿಗೆ ಹೋಗುತ್ತದೆ. ಜನರೆಲ್ಲ ಮನೆಯಲ್ಲಿ ಕೂತು ಒಟ್ಟಿಗೇ ಹಿಟ್ಟು ಕೇಳಿದಾಗ ಚಿಕ್ಕ ಪೊಟ್ಟಣಕ್ಕೆ ತುಂಬುವ ಮೆಷಿನ್ನುಗಳೇ ಸಾಲಲಿಲ್ಲ. "ಹಿಟ್ಟಿದೆ, ಪೊಟ್ಟಣ ಕಟ್ಟುವುದು ತಡವಾಗುತ್ತಿದೆ" ಎಂಬ ಮಾತು ಕೇಳಿದವರು ಕಾಯುತ್ತಾರೆ. "ಸಾಕಷ್ಟು ಇದೆ" ಎಂದು ಕೇಳಿಸಿಕೊಂಡು ಖಾಲಿ ರ‍್ಯಾಕ್ ನೋಡಿದವರು ಇನ್ನು ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಒಬ್ಬರಿಗೆ ಇಷ್ಟೇ ಎಂಬ ಮಿತಿ ಹಾಕುವ ಬಗ್ಗೆ. ಮಿತಿ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೀವು ಅದನ್ನು ತರುವುದು ಎಲ್ಲ ಮುಗಿದ ಮೇಲೆ. ರ‍್ಯಾಕ್ ಖಾಲಿಯಾದ ಮೂರನೇ ದಿನ "ಒಬ್ಬರಿಗೆ ಎರಡು" ಎಂದು ಬೋರ್ಡ್ ಹಾಕಿದರೆ ಅದೇ ಇನ್ನೊಂದು ಹೆದರಿಕೆಯ ಸುದ್ದಿ. ರ‍್ಯಾಕ್ ತುಂಬಿರುವಾಗಲೇ, ಬಿಕ್ಕಟ್ಟು ಘೋಷಿಸಿದ ಅದೇ ಗಂಟೆಯಲ್ಲೇ, ಎಲ್ಲ ಅಂಗಡಿಗೂ ಒಂದೇ ಮಿತಿ ಹಾಕಿ. ದೊಡ್ಡ ಸಂಸಾರದವರಿಗೆ, ಅಕ್ಕಪಕ್ಕದ ವಯಸ್ಸಾದವರಿಗೂ ಸೇರಿಸಿ ಒಯ್ಯುವವರಿಗೆ ಅದರಲ್ಲಿ ದಾರಿ ಬಿಡಿ. ಎರಡನೇ ಮಹಾಯುದ್ಧ ಶುರುವಾದ ನಾಲ್ಕೇ ತಿಂಗಳಲ್ಲಿ ಬ್ರಿಟನ್, 1940ರ ಜನವರಿ 8ರಂದು, ಬೆಣ್ಣೆ, ಸಕ್ಕರೆ, ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಇವಕ್ಕೆ ರೇಷನ್ ತಂದಿತು. ಆ ರೇಷನ್ ಪದ್ಧತಿ ಪೂರ್ತಿ ಮುಗಿದದ್ದು 1954ರ ಜುಲೈ 4ರಂದು. ಮನೆಯವರು ತಮ್ಮ ಹೆಸರನ್ನು ಒಂದು ಅಂಗಡಿಯಲ್ಲಿ ಬರೆಸಿಕೊಂಡಿರುತ್ತಿದ್ದರು, ಅವರ ಪಾಲು ಅಲ್ಲಿಗೆ ಬರುತ್ತಿತ್ತು. ಸಿಗುತ್ತಿದ್ದದ್ದು ಸ್ವಲ್ಪ, ಗೊಣಗಾಟವೂ ಇತ್ತು, ಕಾಳಸಂತೆಯೂ ಇತ್ತು. ಆದರೂ "ನನ್ನ ಪಾಲು ನನಗೆ ಇದೆ" ಎಂಬ ಧೈರ್ಯ ಸಿಕ್ಕಿತಲ್ಲ, ನಾನು ಕೇಳುತ್ತಿರುವುದು ಆ ಧೈರ್ಯವನ್ನು.

ಮನೆಯಲ್ಲಿ ಒಂದಿಷ್ಟು ಇಟ್ಟುಕೊಳ್ಳುವುದೇ ತಪ್ಪು ಎಂದು ಮಾತ್ರ ಹೇಳಬೇಡಿ. ನೆಮ್ಮದಿಯ ಕಾಲದಲ್ಲಿ, ವಾರಕ್ಕೊಂದು ಪೊಟ್ಟಣದಂತೆ ಕೂಡಿಸಿದರೆ ಯಾರ ರ‍್ಯಾಕೂ ಖಾಲಿಯಾಗುವುದಿಲ್ಲ. ಸ್ವೀಡನ್ 2018ರಲ್ಲಿ ಸುಮಾರು 48 ಲಕ್ಷ ಮನೆಗಳಿಗೆ ಒಂದು ಕಿರುಹೊತ್ತಗೆ ಕಳಿಸಿ, ಬಿಕ್ಕಟ್ಟು ಬಂದರೆ ಮನೆಯಲ್ಲಿ ಏನೇನು ಇರಬೇಕು ಎಂದು ತಿಳಿಸಿತು. ಹತ್ತು ದಿನಕ್ಕಾಗುವಷ್ಟು ಆಹಾರ ಇಟ್ಟುಕೊಳ್ಳಿ ಎಂದು ಜರ್ಮನಿ ತನ್ನ ಜನರಿಗೆ ಹೇಳುತ್ತಾ ಬಂದಿದೆ. ಹಳೆಯದನ್ನು ಬಳಸುತ್ತಾ ಹೊಸದನ್ನು ಹಿಂದೆ ಸೇರಿಸುತ್ತಾ ಹೋಗಿ ಎಂದು ಜಪಾನ್ ಕಲಿಸುತ್ತದೆ. ಇದನ್ನೆಲ್ಲ ನೀವೂ ಹೇಳಬಹುದು, ಆದರೆ ಬಿಕ್ಕಟ್ಟಿನ ದಿನ ಹೇಳಬಾರದು. ಏನೂ ಇಲ್ಲದ ಒಂದು ಮಾಮೂಲಿ ವಾರದಲ್ಲಿ ಹೇಳಬೇಕು.

ಹೀಗೆ ಕೂಡಿಡಲೂ ಆಗದವರು ಇದ್ದಾರೆ. ದಿನಗೂಲಿಯಲ್ಲಿ ಬದುಕುವವರು ಸಂಜೆ ಕೈಗೆ ಬಂದ ದುಡ್ಡಿನಲ್ಲಿ ಆ ರಾತ್ರಿಗೆ ಬೇಕಾದ್ದನ್ನು ಕೊಳ್ಳುತ್ತಾರೆ. ಅವರು ಅಂಗಡಿಗೆ ಬರುವುದೇ ಏಳು ಗಂಟೆಗೆ. ಸಾಲು ಶುರುವಾಗಿದ್ದು ಬೆಳಿಗ್ಗೆ. ಅವರು ಬರುವ ಹೊತ್ತಿಗೆ ಚಿಕ್ಕ ಪೊಟ್ಟಣ, ಅಗ್ಗದ ಪೊಟ್ಟಣ ಒಂದೂ ಇರುವುದಿಲ್ಲ. ದುಬಾರಿಯದ್ದು ಉಳಿದಿರುತ್ತದೆ. ಅದರ ರೇಟ್ ನೋಡಿ, ವಾಪಸ್ ಇಟ್ಟು, ಏನೂ ಹೇಳದೆ ಹೋಗುತ್ತಾರೆ. ಅವರು ಜಗಳ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. 2020ರಲ್ಲಿ ಕೆಲವು ದೇಶಗಳಲ್ಲಿ ವಯಸ್ಸಾದವರಿಗೆಂದು ಬೆಳಗಿನ ಒಂದು ಗಂಟೆ ಮೀಸಲಿಟ್ಟರು, ಒಳ್ಳೆಯ ಕೆಲಸ. ಸಂಜೆ ಬರುವವರ ಪಾಲನ್ನೂ ಹಾಗೇ ತೆಗೆದಿಡುವ ನಿಯಮ ಮಾಡಿ. ಪ್ರತಿ ಲೋಡಿನಲ್ಲಿ ಇಷ್ಟು ಭಾಗ ಸಂಜೆ ಆರರ ನಂತರವೇ ಮಾರಬೇಕು ಎಂದರೆ ಅಂಗಡಿಯವರು ಖಂಡಿತ ಪಾಲಿಸುತ್ತಾರೆ. ಕೆಲಸ ನಿಲ್ಲಿಸಿ ಎಂದು ಆದೇಶ ಹೊರಡಿಸುವ ದಿನವೇ ಅವರ ಕೈಗೆ ದುಡ್ಡೋ ಧಾನ್ಯವೋ ಸೇರಬೇಕು. ಹದಿನೈದು ದಿನ ಬಿಟ್ಟು ಬಂದರೆ ಆ ಹದಿನೈದು ದಿನ ಅವರು ಏನು ತಿನ್ನಬೇಕು?

ಇಷ್ಟರಲ್ಲಿ ಬೇರೆ ಏನು ಮಾಡಲಾಗದಿದ್ದರೂ ಒಂದು ಸಣ್ಣ ಕೆಲಸ ಮಾಡಿಕೊಡಿ. ಮುಂದಿನ ಸಲ ಇಂಥ ದಿನ ಬಂದಾಗ, ಅಂಗಡಿ ಬಾಗಿಲು ತೆಗೆಯುವ ಮೊದಲು ನನ್ನ ಕೌಂಟರಿಗೆ ಒಂದು ಹಾಳೆ ಕಳಿಸಿ. ಯಾವ ಮಾಲು, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ ಎಂದು ಬರೆದಿರಲಿ, ಕೆಳಗೆ ಜವಾಬ್ದಾರರ ಸಹಿ ಇರಲಿ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಗಾಜಿಗೆ ಅಂಟಿಸುತ್ತೇನೆ. ಬಾಗಿಲವರೆಗೂ ಹೋದವರು ವಾಪಸ್ ಬಂದು "ನಾಳೆ ಲೋಡ್ ಬರುತ್ತೆ ಅಲ್ವಾ?" ಎಂದು ಕೇಳಿದರೆ ಆ ಹಾಳೆ ತೋರಿಸುತ್ತೇನೆ.

ಇಂತಿ,
ಬಿಲ್ಲಿಂಗ್ ಕೌಂಟರಿನಿಂದ ಒಬ್ಬಳು